ನಮ್ಮ ಮನೆಯ ಹಿಂದಿನ ಸಹ್ಯಾದ್ರಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳು ನಮ್ಮ ಕಾರ್ಯದರ್ಶಿಯವರು ಮನೆಗೆ ಬಂದು, "ಮೇಷ್ಟ್ರೇ, ಬೆಳ್ಳಿಹಬ್ಬಕ್ಕೆ ನೀವೂ ನಾಲ್ಕು ಮಾತು ಆಡಬೇಕು" ಅಂದರು. "ನನಗೆ ಸಹಕಾರದ ಕಾನೂನು ಗೊತ್ತಿಲ್ಲ, ಲೆಕ್ಕಪತ್ರ ಮೊದಲೇ ಗೊತ್ತಿಲ್ಲ. ನಾನೇನು ಮಾತಾಡ್ಲಿ?" ಅಂದೆ. ಅದಕ್ಕವರು, "ನಿಮಗೆ ಗೊತ್ತಿರೋದನ್ನೇ ಹೇಳಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೀರಲ್ಲ" ಅಂದು ಕಾಫಿ ಕುಡಿದು ಹೋದರು. ಇಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ನನ್ನ ಭೂಗೋಳದ ತರಗತಿಯಲ್ಲಿ ಒಂದು ಸಲ ನಿದ್ದೆ ಮಾಡಿದವರೇ. ಇವತ್ತು ಇನ್ನೊಂದು ಸಲ ಅವಕಾಶ ಸಿಕ್ಕಿದೆ. ಆದರೆ ಕೊನೆಯ ಹತ್ತು ನಿಮಿಷ ಮಾತ್ರ ಎಚ್ಚರವಾಗಿರಿ ಅಂತ ಕೇಳಿಕೊಳ್ಳುತ್ತೇನೆ. ಅಲ್ಲಿ ಹೇಳುವುದು ಪುಸ್ತಕದ್ದಲ್ಲ, ನನ್ನ ಮನೆಯದ್ದು.

ತರಗತಿಯಲ್ಲಿ ನಾನು ಹಿಮಾಲಯ, ಆಲ್ಪ್ಸ್, ಆಂಡಿಸ್ ಅಂತ ನಕಾಶೆಗೆ ಕೋಲು ತೋರಿಸಿ ಹೇಳುತ್ತಿದ್ದೆ. ಕಿಟಕಿಯ ಆಚೆ ಕಾಣುವ ಗುಡ್ಡದ ಬಗ್ಗೆ ಹೇಳಿದ್ದು ಕಡಿಮೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಬಂದರೆ ಹೆಚ್ಚು. ಆ ಬಾಕಿಯನ್ನು ಇವತ್ತು ತೀರಿಸುತ್ತೇನೆ. ಸಂಘದ ಸಭೆಯಲ್ಲಿ ಬಾಕಿ ತೀರಿಸುವವರನ್ನು ಕಂಡರೆ ಎಲ್ಲರಿಗೂ ಸಂತೋಷವೇ ಅಲ್ಲವೇ.

ಮೇಲಿನಕೇರಿಯ ದಿಣ್ಣೆಯ ಮೇಲಿರುವ ಮನೆ ನಿಮಗೆಲ್ಲ ಗೊತ್ತು. ಆ ಮನೆಯ ಮಾಡಿನ ಮೇಲೆ ಬಿದ್ದ ಮಳೆ ಎರಡು ಕಡೆಗೆ ಇಳಿಯುತ್ತದೆ. ಪಡುವಣ ಇಳಿಜಾರಿನ ನೀರು ಹಳ್ಳ ಸೇರಿ, ಶರಾವತಿ ಸೇರಿ, ಲಿಂಗನಮಕ್ಕಿ ದಾಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಮೂಡಣ ಇಳಿಜಾರಿನ ನೀರು ತುಂಗೆಗೆ ಹೋಗುತ್ತದೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹೊಸಪೇಟೆಯ ಅಣೆಕಟ್ಟು ದಾಟಿ, ಆಂಧ್ರದಲ್ಲಿ ಕೃಷ್ಣೆಯನ್ನು ಸೇರಿ, ಸುಮಾರು ಸಾವಿರ ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಒಂದೇ ಮಾಡು, ಒಂದೇ ಮಳೆ, ಸಮುದ್ರ ಮಾತ್ರ ಬೇರೆ ಬೇರೆ. ಇಂಥ ಮಾಡಿನ ಕೆಳಗೆ ನಾವು ವಾಸ ಮಾಡುತ್ತಿದ್ದೇವೆ. ಈ ಮಾಡೇ ಸಹ್ಯಾದ್ರಿ, ಪಶ್ಚಿಮ ಘಟ್ಟ.

ಎಷ್ಟು ಉದ್ದ ಅಂದರೆ, ಗುಜರಾತಿನ ಅಂಚಿನಲ್ಲಿ ತಪತಿ ನದಿಯ ಹತ್ತಿರ ಶುರುವಾಗಿ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಹೀಗೆ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್. ಇಷ್ಟು ಉದ್ದದ ಗೋಡೆಯಲ್ಲಿ ಒಂದೇ ಒಂದು ದೊಡ್ಡ ಬಾಗಿಲು ಇದೆ, ಕೇರಳದ ಪಾಲಕ್ಕಾಡ್ ಕಣಿವೆ. ಸುಮಾರು 30 ಕಿಲೋಮೀಟರ್ ಅಗಲ. ಕೇರಳದಿಂದ ಕೊಯಮತ್ತೂರಿಗೆ ರೈಲು ಸಲೀಸಾಗಿ ಹೋಗುವುದು ಆ ಬಾಗಿಲಿನಿಂದ. ಅದರ ದಕ್ಷಿಣಕ್ಕೆ ಆನೆಮುಡಿ ಶಿಖರ, 2,695 ಮೀಟರ್. ಇಡೀ ಸಹ್ಯಾದ್ರಿಯಲ್ಲಿ ಅದೇ ಎತ್ತರ. ಉತ್ತರಕ್ಕೆ ನೀಲಗಿರಿಯ ದೊಡ್ಡಬೆಟ್ಟ, 2,637 ಮೀಟರ್. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಎಲ್ಲಕ್ಕಿಂತ ಎತ್ತರ, 1,900 ಮೀಟರಿಗೂ ಮೇಲೆ. ನಮಗೆ ದಿನಾ ಕಾಣುವ ಕೊಡಚಾದ್ರಿ 1,343 ಮೀಟರ್.

ಈಗ ಒಂದು ಪ್ರಶ್ನೆ. ಶಿವಮೊಗ್ಗದಿಂದ ಆಗುಂಬೆಗೆ ಬಸ್ಸಿನಲ್ಲಿ ಹೋದವರು ಕೈ ಎತ್ತಿ. ಎಲ್ಲರೂ ಹೋಗಿದ್ದೀರಿ. ದಾರಿಯಲ್ಲಿ "ಓಹೋ, ದೊಡ್ಡ ಪರ್ವತ ಹತ್ತಿದೆವು" ಅಂತ ಯಾರಿಗಾದರೂ ಅನ್ನಿಸಿತೇ? ಇಲ್ಲ. ಸಣ್ಣ ಏರು, ಸಣ್ಣ ಇಳಿಜಾರು, ಅಷ್ಟೇ. ಆಗುಂಬೆ ದಾಟಿದ ಕೂಡಲೇ ಎದೆ ಝಲ್ ಅನ್ನುತ್ತದೆ. ಕೆಳಗೆ ಸೋಮೇಶ್ವರ, ಅದರಾಚೆ ಬಯಲು. ಹದಿನಾಲ್ಕು ತಿರುವು ಇಳಿಯಬೇಕು. ಹಾಗಾದರೆ ಹತ್ತದೇ ಇದ್ದ ಪರ್ವತವನ್ನು ಇಳಿಯುವುದು ಹೇಗೆ?

ಉತ್ತರ ನಿಮ್ಮ ಗದ್ದೆಯಲ್ಲೇ ಇದೆ. ಮೇಲಿನ ಗದ್ದೆಯಲ್ಲಿ ನಿಂತರೆ ನೆಲ ಸಪಾಟು. ಕೆಳಗಿನ ಗದ್ದೆಯಲ್ಲಿ ನಿಂತು ನೋಡಿದರೆ ಎದುರಿಗೆ ಆಳೆತ್ತರದ ಧರೆ. ಸಹ್ಯಾದ್ರಿ ಅಂದರೆ ಅದೇ. ಒಂದು ದೊಡ್ಡ ಧರೆ. ಮೇಲಿನ ಗದ್ದೆ ದಖ್ಖನ್ ಪ್ರಸ್ಥಭೂಮಿ, ಕೆಳಗಿನ ಗದ್ದೆ ಕರಾವಳಿ. ಹಿಮಾಲಯದ ಹಾಗೆ ಎರಡು ಭೂಭಾಗ ಡಿಕ್ಕಿ ಹೊಡೆದು ಮಡಿಕೆ ಮಡಿಕೆಯಾಗಿ ಎದ್ದ ಪರ್ವತ ಇದಲ್ಲ. ನಮ್ಮ ಹಿರಿಯರು "ಘಟ್ಟದ ಮೇಲೆ, ಘಟ್ಟದ ಕೆಳಗೆ" ಅಂತಲೇ ಹೇಳಿದರು, "ಪರ್ವತದ ಆಚೆ ಈಚೆ" ಅನ್ನಲಿಲ್ಲ. ಭೂವಿಜ್ಞಾನಿಗಳು ದೊಡ್ಡ ದೊಡ್ಡ ಪುಸ್ತಕದಲ್ಲಿ ಬರೆದದ್ದು ಆ ಮಾತಿನಲ್ಲೇ ಇದೆ.

ಈ ಧರೆಯನ್ನು ಕಡಿದವರು ಯಾರು? ಬಹಳ ಹಿಂದೆ ನಮ್ಮ ನೆಲ, ಆಫ್ರಿಕಾ, ಮಡಗಾಸ್ಕರ್, ಆಸ್ಟ್ರೇಲಿಯಾ ಎಲ್ಲ ಒಟ್ಟು ಕುಟುಂಬ. ಗೋಂಡ್ವಾನ ಅಂತ ಹೆಸರು. ಆಮೇಲೆ ಮನೆ ಪಾಲಾಯಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ದಂಡೆಯಿಂದ ಬಿಟ್ಟುಕೊಂಡು ದೂರ ಸರಿಯಿತು. ಆಗ ಉಕ್ಕಿದ ಲಾವಾರಸ ಗಟ್ಟಿಯಾದ ಗುರುತನ್ನು ನೋಡಬೇಕಾದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಕಂಬ ಕಂಬವಾಗಿ ನಿಂತ ಕಲ್ಲುಗಳಿವೆ, ಯಾರೋ ಶಿಲ್ಪಿ ಕಡಿದು ನಿಲ್ಲಿಸಿದ ಹಾಗೆ. ನೆಲ ಸೀಳಿದ ಕಡೆ ಅಂಚು ಉಳಿಯಿತು. ಆ ಅಂಚನ್ನು ಮಳೆ ಮತ್ತು ಹೊಳೆಗಳು ಕೋಟ್ಯಂತರ ವರ್ಷ ಕೊರೆದು ಕೊರೆದು ಮೂಡಣಕ್ಕೆ ಹಿಂದೆ ಸರಿಸಿದವು. ಹಾಗೆ ಸರಿದ ಜಾಗವೇ ಕರಾವಳಿ. ಈ ಸರಿಯುವ ಕೆಲಸ ಮುಗಿದಿಲ್ಲ, ಇವತ್ತೂ ನಡೆದೇ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಕಲ್ಲಿನ ವಿಚಾರವನ್ನು ಬೇಗ ಮುಗಿಸುತ್ತೇನೆ. ಬೆಳಗಾವಿಯಿಂದ ಉತ್ತರಕ್ಕೆ ಸಹ್ಯಾದ್ರಿ ಕಪ್ಪು ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರ ಪದರವಾಗಿ ಕೂತಿದೆ. ಹಾಗಾಗಿ ಅಲ್ಲಿಯ ಗುಡ್ಡಗಳ ತಲೆ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು. ನಮ್ಮ ಕಡೆಯ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, 250 ಕೋಟಿ ವರ್ಷ ದಾಟಿದ್ದು. ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಆಯಿತು, ಅಷ್ಟೇ. ನಮ್ಮ ಹಿತ್ತಲಿನ ಬಂಡೆಯ ಮುಂದೆ ಹಿಮಾಲಯ ಅಂಗನವಾಡಿ ಮಗು.

ಇನ್ನು ಮಳೆ. ಮಳೆ ಯಾಕೆ ನಮಗಿಷ್ಟು, ಚಳ್ಳಕೆರೆಯವರಿಗೆ ಯಾಕಷ್ಟು? ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿಂದ ನೀರಾವಿ ಹೊತ್ತ ಗಾಳಿ ಬಂದು ಈ ಧರೆಗೆ ಹೊಡೆಯುತ್ತದೆ. ಮುಂದೆ ದಾರಿಯಿಲ್ಲ, ಮೇಲೇರಬೇಕು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಅಷ್ಟು ಆವಿಯನ್ನು ಹಿಡಿದುಕೊಳ್ಳಲಾರದು, ಸುರಿದುಬಿಡುತ್ತದೆ. ಬಿಸಿ ಅನ್ನದ ತಪ್ಪಲೆಯ ಮುಚ್ಚಳದಲ್ಲಿ ಹನಿ ಕಟ್ಟುವುದಿಲ್ಲವೇ, ಹಾಗೆ. ಘಟ್ಟ ದಾಟಿ ಮೂಡಣಕ್ಕೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗುತ್ತದೆ, ಹೊರೆಯೂ ಖಾಲಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,500 ಮಿಲಿಮೀಟರಿನ ಆಸುಪಾಸು, ಹಿರಿಯರ ಲೆಕ್ಕದಲ್ಲಿ ಮುನ್ನೂರು ಇಂಚು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಅಲ್ಲಿಂದ ನೂರು ಕಿಲೋಮೀಟರೂ ಇಲ್ಲದ ಶಿವಮೊಗ್ಗದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಗುವುದೇ ಹೆಚ್ಚು. ಇನ್ನೂ ಮುಂದೆ ಚಳ್ಳಕೆರೆಗೆ ಹೋದರೆ ಐನೂರರ ಆಸುಪಾಸು. ಒಂದು ಧರೆ ಎರಡು ಲೋಕ ಮಾಡಿದೆ. ಈ ಕಡೆ ಅಡಿಕೆ, ಆ ಕಡೆ ಶೇಂಗಾ.

ಆದರೆ ಆ ಕಡೆಯವರೂ ನಮ್ಮ ಗುಡ್ಡದ ನೀರನ್ನೇ ನಂಬಿದ್ದಾರೆ. ಗೋದಾವರಿ ತ್ರ್ಯಂಬಕದಲ್ಲಿ, ಕೃಷ್ಣೆ ಮಹಾಬಲೇಶ್ವರದಲ್ಲಿ, ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತವೆ. ತುಂಗೆ, ಭದ್ರೆ ಗಂಗಾಮೂಲದಲ್ಲಿ. ಎಲ್ಲವೂ ಪಶ್ಚಿಮ ಸಮುದ್ರಕ್ಕೆ ಹತ್ತಿರ ಹುಟ್ಟಿ ಪೂರ್ವ ಸಮುದ್ರಕ್ಕೆ ನಡೆಯುವ ಹೊಳೆಗಳು. ಮೇಲಿನ ಗದ್ದೆ ಮೂಡಣಕ್ಕೆ ಸ್ವಲ್ಪ ವಾಲಿದೆ, ಅದಕ್ಕೆ. ಪಡುವಣ ಹೊಳೆಗಳದ್ದು ಬೇರೆ ಸ್ವಭಾವ. ಕಾಳಿ, ಅಘನಾಶಿನಿ, ಶರಾವತಿ, ವಾರಾಹಿ, ನೇತ್ರಾವತಿ ಎಲ್ಲ ಗಿಡ್ಡ, ಆದರೆ ಸಿಟ್ಟು ಜಾಸ್ತಿ. ನಮ್ಮ ಶರಾವತಿಯ ಒಟ್ಟು ಉದ್ದ 130 ಕಿಲೋಮೀಟರಿನ ಹತ್ತಿರ. ಅಂಬುತೀರ್ಥದಲ್ಲಿ ಹುಟ್ಟಿ ಪಡುವಣಕ್ಕೆ ತಿರುಗಿ, ಧರೆಯ ಅಂಚಿಗೆ ಬಂದಾಗ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ. ನಾಡಿಗೆ ಬೆಳಕು ಕೊಟ್ಟದ್ದು ಆ ಎತ್ತರವೇ. ಆ ಬೆಳಕಿಗಾಗಿ ಮನೆ-ಮಠ ಮುಳುಗಿಸಿಕೊಂಡು ಬಂದವರ ಮಕ್ಕಳು ಈ ಸಭೆಯಲ್ಲಿಯೂ ಇದ್ದಾರೆ. ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಮಣ್ಣಿಗೆ ಬರುತ್ತೇನೆ. ಇಲ್ಲಿಂದ ಎಚ್ಚರವಾಗಿರಿ.

ಇಷ್ಟು ಮಳೆ, ಇಷ್ಟು ಬಿಸಿಲು, ಕೋಟ್ಯಂತರ ವರ್ಷ ಬಂಡೆಯ ಮೇಲೆ ಬಿದ್ದರೆ ಬಂಡೆ ಕೊಳೆಯುತ್ತದೆ. ಕರಗುವುದು ಕರಗಿ ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಅದೇ ನಮ್ಮ ಕೆಂಪು ಮಣ್ಣು. ಅದು ಗಟ್ಟಿಯಾದರೆ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಬುಕಾನನ್ ಎಂಬ ಆಂಗ್ಲರ ಕಾಲದ ಅಧಿಕಾರಿ ಕೇರಳದಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ 'ಲ್ಯಾಟರೈಟ್' ಎಂದು ಬರೆದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಅಂತ ಅರ್ಥ. ನಮ್ಮವರೂ ಇಟ್ಟಿಗೆ ಅಂತಲೇ ಕರೆದಿದ್ದರು.

ಬಾವಿ ತೋಡಿದವರಿಗೆ ಗೊತ್ತು, ಜಂಬಿಟ್ಟಿಗೆಯ ಕೆಳಗೆ ಎಷ್ಟೋ ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣ್ಣನೆ ಮಣ್ಣು ಸಿಗುತ್ತದೆ. ಅದೇ ಶೇಡಿ. ಒಣಗಿದಾಗ ಹಾರೆಗೂ ಬಗ್ಗುವುದಿಲ್ಲ. ನೀರು ಕುಡಿದರೆ ಬೆಣ್ಣೆ. ಅದರ ಕೆಳಗೆ ಗಟ್ಟಿ ಬಂಡೆ. ಮಳೆನೀರು ಮೇಲಿನ ಮಣ್ಣಿನಲ್ಲಿ ಇಳಿದು, ಶೇಡಿಯವರೆಗೆ ಬಂದು, ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿಯುತ್ತದೆ. ಹಾಗೆ ಹರಿದು ಗುಡ್ಡದ ಬುಡದಲ್ಲಿ ಹೊರಬಂದದ್ದೇ ನಮ್ಮ ಒರತೆ, ನಮ್ಮ ಅಬ್ಬಿ. ಏಪ್ರಿಲಿನಲ್ಲಿಯೂ ತೋಟಕ್ಕೆ ನೀರು ಕೊಡುವುದು ಆಗಸ್ಟಿನಲ್ಲಿ ಬಿದ್ದ ಮಳೆಯೇ. ಗುಡ್ಡ ನಮ್ಮ ಠೇವಣಿ ಖಾತೆ ಇದ್ದ ಹಾಗೆ. ಸೊಪ್ಪಿನಬೆಟ್ಟದ ದರಗು, ಕಾನಿನ ಬೇರು, ಎತ್ತರದ ಹುಲ್ಲು, ಇವೆಲ್ಲ ಠೇವಣಿ ಕಟ್ಟುವ ಕೌಂಟರು. ಸೊಪ್ಪಿನಬೆಟ್ಟ ಬೋಳಾದ ಕಡೆ ಮಳೆ ನಿಲ್ಲದೆ ಓಡುತ್ತದೆ, ಠೇವಣಿ ಬೀಳುವುದಿಲ್ಲ. ನಮ್ಮ ಕೆಳಗಿನಕೇರಿಯ ಅಬ್ಬಿ ಮಾರ್ಚಿಗೇ ನಿಲ್ಲಲು ಕಾರಣ ಬೇರೆ ಹುಡುಕಬೇಕಾಗಿಲ್ಲ.

ಒಂದು ಸಣ್ಣ ಲೆಕ್ಕ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ದಿನ 200 ಮಿಲಿಮೀಟರ್ ಬಿದ್ದರೆ ಎಕರೆಗೆ 8 ಲಕ್ಷ ಲೀಟರ್. ತೂಕದಲ್ಲಿ 800 ಟನ್. ಇಷ್ಟು ಭಾರ ಒಂದೇ ದಿನ ಆ ಇಳಿಜಾರಿನ ಮೇಲೆ. ಒಂದಷ್ಟು ಹರಿದು ಹೋಗುತ್ತದೆ, ಒಂದಷ್ಟು ಮಣ್ಣಿನೊಳಗೆ ಕೂರುತ್ತದೆ. ಕೂತ ನೀರು ಮಣ್ಣನ್ನು ಭಾರ ಮಾಡುವುದಲ್ಲದೆ, ಕಣ ಕಣದ ನಡುವೆ ಸೇರಿ ಹಿಡಿತವನ್ನೂ ಬಿಡಿಸುತ್ತದೆ. ಇಳಿಜಾರಿನ ಬುಡ ಗಟ್ಟಿಯಾಗಿದ್ದರೆ ಹೇಗೋ ನಿಲ್ಲುತ್ತದೆ. ಆ ಬುಡವನ್ನು ನಾವು ಕಡಿದಿದ್ದರೆ?

ಸ್ವಾಮಿ, ಈ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದೆ. ಆದರೂ ನಿವೃತ್ತಿಯ ಹಣ ಬಂದಾಗ ಅಡಿಕೆ ಒಣಗಿಸಲು ಅಂಗಳ ಸಾಲದು ಅಂತ ಮನೆಯ ಹಿಂದಿನ ಗುಡ್ಡವನ್ನು ಕಡಿಸಿದೆ. ಕಡಿಮೆ ಬಿದ್ದ ಹಣವನ್ನು ಇದೇ ಸಂಘದಲ್ಲಿ ಸಾಲ ತೆಗೆದೆ. ಜೆಸಿಬಿ ಎರಡು ದಿನ ಕೆಲಸ ಮಾಡಿತು. ಹದಿನೈದು ಅಡಿ ಧರೆ, ಗೋಡೆಯ ಹಾಗೆ ನೆಟ್ಟಗೆ. "ಎಷ್ಟು ಚಂದ ಬಂತು ನೋಡಿ" ಅಂತ ಬಂದವರಿಗೆಲ್ಲ ತೋರಿಸಿದೆ. ಮೇಲೆ ನೀರು ತಿರುಗಿಸುವ ಅಗಳು ಮುಂಚೆಯಿತ್ತು, ನಮ್ಮ ಅಪ್ಪ ತೋಡಿಸಿದ್ದು. ಅದು ಜೆಸಿಬಿಗೆ ಅಡ್ಡ ಬಂತು, ಮುಚ್ಚಿಸಿದೆ.

2019ರ ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ ನಿಮಗೆ ನೆನಪಿದೆ. ಮೂರನೇ ದಿನ ಸಂಜೆ ಅಂಗಳದ ಮೂಲೆಯಲ್ಲಿ ಜಲ ಎದ್ದಿತು. ಮುಂಚೆ ಅಲ್ಲಿ ಜಲ ಎದ್ದದ್ದೇ ಇಲ್ಲ. ನೀರು ಕೆಂಪಗಿತ್ತು. ನನ್ನ ಮನೆಯವರು, "ಧರೆ ಮೇಲೆ ಹಲಸಿನ ಮರ ವಾಲಿದ ಹಾಗೆ ಕಾಣ್ತದೆ, ನೋಡಿ" ಅಂದರು. "ಗಾಳಿಗೆ ಹಾಗೆ ಕಾಣ್ತದೆ" ಅಂದೆ ನಾನು. ಅವರು ಹಾಲು ಕರೆದು ಒಳಗೆ ಬಂದು ಒಲೆಯ ಮೇಲೆ ಪಾತ್ರೆ ಇಟ್ಟಿದ್ದರು ಅಷ್ಟೇ. ಗುಡುಗಿನಂಥ ಸದ್ದು. ಹೊರಗೆ ಬಂದು ನೋಡಿದರೆ ಕೊಟ್ಟಿಗೆ ಇದ್ದ ಕಡೆ ಮಣ್ಣು. ಒಂದು ಹಸು, ಅದರ ಕರು ಅಡಿಯಲ್ಲಿ. ಆ ರಾತ್ರಿ ಮಳೆಯಲ್ಲಿ ಗುದ್ದಲಿ ಹಿಡಿದು ಬಂದವರಲ್ಲಿ ಬಹಳ ಜನ ಇಲ್ಲೇ ಕೂತಿದ್ದೀರಿ. ನಿಮಗೆ ಸರಿಯಾಗಿ ಕೃತಜ್ಞತೆ ಹೇಳಿದ್ದು ಇವತ್ತೇ. ಕಾಲು ಗಂಟೆ ಮುಂಚೆ ಆಗಿದ್ದರೆ ನಾನು ಈ ವೇದಿಕೆಯ ಮೇಲೆ ನಿಲ್ಲುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಇದನ್ನು ಸಭೆಯಲ್ಲಿ ಹೇಳುವುದು ಬೇಡ ಅಂತ ಮನೆಯಲ್ಲಿ ಹೇಳಿದರು. ಆದರೆ ಓದಿದವನೇ ಹೀಗೆ ಮಾಡಿದ ಅಂತ ಗೊತ್ತಾದರೆ ನಾಳೆ ಇನ್ನೊಬ್ಬರು ಒಂದು ಕ್ಷಣ ಯೋಚಿಸಬಹುದು.

ನಮ್ಮದು ಸಣ್ಣ ಕತೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಸಾಲಾಗಿ ಕುಸಿದವು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿ ಹೊಳೆಯವರೆಗೆ ಹೋಯಿತು. ಎರಡು ವಾರ ಕಳೆದು ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಮೇಲಿನ ಕಾಡಿನಲ್ಲಿ ಕುಸಿದ ಮಣ್ಣು, ಕಲ್ಲು ಹೊಳೆಯ ದಾರಿ ಹಿಡಿದು ಬಂದು ಮುಂಡಕೈ, ಚೂರಲ್‌ಮಲ ಊರುಗಳನ್ನು ಕೊಚ್ಚಿತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಎಲ್ಲ ಕುಸಿತಕ್ಕೂ ಮನುಷ್ಯನೇ ಕಾರಣ ಅಂತ ನಾನು ಹೇಳುವುದಿಲ್ಲ. ಧರೆ ಹಿಂದೆ ಸರಿಯುವ ಕೆಲಸ ಇನ್ನೂ ನಡೆದಿದೆ ಅಂದೆನಲ್ಲ, ಮನುಷ್ಯ ಬರುವ ಮುಂಚೆಯೂ ಗುಡ್ಡ ಕುಸಿಯುತ್ತಿತ್ತು. ದೊಡ್ಡ ಕಾಡಿದ್ದರೂ ಅತಿಮಳೆಗೆ ಒಮ್ಮೊಮ್ಮೆ ಕುಸಿಯುತ್ತದೆ. ಆದರೆ ಸಾವಿರ ವರ್ಷಕ್ಕೆ ಸರಿಯಬೇಕಾದ್ದನ್ನು ಎರಡು ದಿನದಲ್ಲಿ ಕಡಿದು ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲಿ ಮಲಗುವುದು ನಮ್ಮ ಕೈಯಾರೆ ಮಾಡುವ ಕೆಲಸ.

ಹಾಗಾದರೆ ಏನು ಮಾಡೋಣ? ಗುಡ್ಡ ಬಿಟ್ಟು ಹೋಗಲಾಗುವುದಿಲ್ಲ, ಮನೆ ಕಟ್ಟದೆ ಇರಲಾಗುವುದಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು, ಕಡಿಯಲೇಬೇಕಾದರೆ ಒಂದೇ ಎತ್ತರದ ಗೋಡೆ ಬೇಡ. ಮೆಟ್ಟಿಲು ಮೆಟ್ಟಿಲಾಗಿ, ಹಿಂದಕ್ಕೆ ವಾಲಿಸಿ ಕಡಿಯಿರಿ. ಧರೆಗೆ ಹುಲ್ಲು, ಲಾವಂಚ ಹಚ್ಚಿ. ಎರಡನೆಯದು, ಮೇಲಿನ ಅಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮೇ ತಿಂಗಳಲ್ಲೇ ದರಗು ತೆಗೆದು ನೀರಿಗೆ ದಾರಿ ಮಾಡಿ. ಹಿರಿಯರು ತೋಡಿದ ಅಗಳಿಗೆ ಒಂದು ಅರ್ಥ ಇರುತ್ತದೆ. ಮೂರನೆಯದು, ಗುಡ್ಡ ಕೊಡುವ ಸೂಚನೆ ಓದುವುದನ್ನು ಕಲಿಯೋಣ. ನೆಲದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ವಾಲುವುದು, ಜಲ ಇಲ್ಲದ ಕಡೆ ಜಲ ಏಳುವುದು, ತಿಳಿ ನೀರಿನ ಒರತೆ ಕೆಂಪಾಗುವುದು, ಮಳೆ ಹೊಡೆಯುತ್ತಿದ್ದರೂ ಹಳ್ಳದ ನೀರು ಇದ್ದಕ್ಕಿದ್ದ ಹಾಗೆ ಕಡಿಮೆಯಾಗುವುದು, ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ನೆಂಟರ ಮನೆಗೆ ಹೋಗಿ. ಏನೂ ಆಗದಿದ್ದರೆ ಒಂದು ಊಟ ಮಾಡಿ ಬಂದ ಹಾಗಾಯಿತು.

ಸಂಘಕ್ಕೂ ನನ್ನದು ಎರಡು ಬೇಡಿಕೆ. ಒಂದು, ಸಂಘದ ಕಟ್ಟಡದ ಮುಂದೆ ಒಂದು ಮಳೆ ಅಳೆಯುವ ಪಾತ್ರೆ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಹಲಗೆಯ ಮೇಲೆ ಬರೆಯಿರಿ. ಅಳೆಯಲು ನಾನೇ ಬರುತ್ತೇನೆ, ಸಂಬಳ ಬೇಡ. ಆಗುಂಬೆಯ ಲೆಕ್ಕ ಆಗುಂಬೆಗೆ. ಘಟ್ಟದಲ್ಲಿ ಒಂದು ದಿಣ್ಣೆ ದಾಟಿದರೆ ಮಳೆ ಬೇರೆ, ನಮಗೆ ನಮ್ಮೂರಿನ ಲೆಕ್ಕ ಬೇಕು. ಎರಡು, ಅಂಗಳಕ್ಕೆ, ಮನೆಗೆ, ರಸ್ತೆಗೆ ಅಂತ ಗುಡ್ಡ ಕಡಿಯಲು ಸಾಲದ ಅರ್ಜಿ ಬಂದರೆ ಪಹಣಿ, ಜಾಮೀನು ನೋಡುವ ಜೊತೆಗೆ ನಿರ್ದೇಶಕರಲ್ಲಿ ಒಬ್ಬರು ಜಾಗಕ್ಕೆ ಹೋಗಿ, ಮೇಲಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಪ್ರಶ್ನೆ ಕೇಳಲಿ. ನನ್ನನ್ನು ಅವತ್ತು ಯಾರಾದರೂ ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೊಟ್ಟಿಗೆ ಉಳಿಯುತ್ತಿತ್ತು.

ಇಪ್ಪತ್ತೈದು ವರ್ಷಗಳಿಂದ ಸಂಘ ನಮಗೆ ಒಂದು ಪಾಠ ಕಲಿಸಿದೆ. ಒಬ್ಬನ ಸಾಲ ಬಾಕಿಯಾದರೆ ಅದರ ಭಾರ ಎಲ್ಲರ ಮೇಲೆ ಬೀಳುತ್ತದೆ. ಗುಡ್ಡದಲ್ಲಿಯೂ ಹಾಗೆಯೇ. ಮೇಲಿನಕೇರಿಯವರು ಅಗಳು ಮುಚ್ಚಿದರೆ ಮಣ್ಣು ಕೆಳಗಿನಕೇರಿಯ ತೋಟಕ್ಕೆ ಬರುತ್ತದೆ. ಇಲ್ಲಿ ಒಬ್ಬೊಬ್ಬರೇ ಜಾಣರಾಗಿ ಉಪಯೋಗವಿಲ್ಲ, ಒಟ್ಟಿಗೆ ಜಾಣರಾಗಬೇಕು. ಸಹಕಾರ ಅಂದರೆ ಅದೇ ಅಂತ ನಾನು ತಿಳಿದುಕೊಂಡಿದ್ದೇನೆ.

ತಾಳ್ಮೆಯಿಂದ ಕೇಳಿದ್ದೀರಿ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಹಳೆಯ ಅಭ್ಯಾಸ ಬಿಟ್ಟಿಲ್ಲ ಅನ್ನುವುದನ್ನೂ ನೋಡಿದೆ, ಅದಕ್ಕೂ ಸಂತೋಷವೇ. ಸಂಘವು ಚಿನ್ನದ ಹಬ್ಬ ಕಾಣಲಿ, ಅಲ್ಲಿಯವರೆಗೆ ನಮ್ಮ ಗುಡ್ಡವೂ ಇದ್ದ ಜಾಗದಲ್ಲೇ ಇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.